ಹುರಿಯುವ ಮರಳಿನ ಡಬ್ಬ

ಅಟ್ಟ ಗುಡಿಸುವುದು ನಮ್ಮ ಮನೆಯಲ್ಲಿ ಯಜಮಾನರ ಕೆಲಸ. ನಿವೃತ್ತರಾದ ಮೇಲೆ ಯಾರೂ ಕೇಳದೆ ಅವರೇ ವಹಿಸಿಕೊಂಡದ್ದು. ಯುಗಾದಿ ಹತ್ತಿರ ಬಂತೆಂದರೆ ತಲೆಗೊಂದು ಟವೆಲ್ ಸುತ್ತಿ ಏಣಿ ಹತ್ತುತ್ತಾರೆ. ಮೇಲಿನಿಂದ ಒಂದೊಂದೇ ಸಾಮಾನು ಎತ್ತಿ ತೋರಿಸಿ "ಬೇಕಾ, ಬೇಡ್ವಾ?" ಅನ್ನುತ್ತಾರೆ. ಕೆಳಗೆ ನಿಂತ ನಾನು ಎಲ್ಲಕ್ಕೂ "ಬೇಕು" ಅನ್ನುತ್ತೇನೆ. ಹೀಗಾಗಿ ನಮ್ಮ ಅಟ್ಟ ವರ್ಷಾವರ್ಷ ಚೊಕ್ಕಟವಾಗುತ್ತದೆಯೇ ಹೊರತು ಒಂದು ಮೊರದಷ್ಟು ಜಾಗವೂ ಖಾಲಿಯಾದದ್ದಿಲ್ಲ.

ಈ ಸಲ ಮೂಲೆಯಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬ ಅವರ ಕೈಗೆ ಸಿಕ್ಕಿತು. ಎತ್ತಲು ಹೋಗಿ ಏಣಿಯ ಮೇಲೆ ಒಮ್ಮೆ ಓಲಾಡಿದರು.

"ಏನೇ ಇದು, ಕಬ್ಬಿಣ ತುಂಬಿಟ್ಟಿದ್ದೀಯಾ?" ಮುಚ್ಚಳ ತೆಗೆದರು. "ಅಯ್ಯೋ, ಮರಳು! ಅದೂ ಇದ್ದಿಲಿನ ಥರ ಕರ್ರಗಿದೆ. ತುಳಸಿ ಕುಂಡಕ್ಕೆ ಸುರಿದುಬಿಡ್ಲಾ?"

"ಸುರಿದು ನೋಡಿ. ಆಮೇಲೆ ಹುರಿದ ಕಡ್ಲೆಕಾಯಿ ಅಂತ ನನ್ನ ಹತ್ರ ಬನ್ನಿ."

ಅವರು ಡಬ್ಬವನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ಇಳಿದರು. ಮದುವೆಯಾದಾಗಿನಿಂದ ತಾವು ತಿಂದ ಹುರಿಗಾಳೆಲ್ಲ ಈ ಮರಳಿನಲ್ಲಿ ಹೊರಳಿಯೇ ತಟ್ಟೆಗೆ ಬಂದದ್ದು ಎಂಬುದು ಅವರಿಗೆ ಆ ಹೊತ್ತು ತಿಳಿಯಿತು. ಅಡುಗೆಮನೆಗೆ ಕಾಲಿಡದ ಗಂಡಸರ ಪಾಲಿಗೆ ಎಲ್ಲವೂ ತಟ್ಟೆಯಲ್ಲೇ ಹುಟ್ಟುತ್ತದೆ ನೋಡಿ.

ನಿಮಗೂ ಗೊತ್ತಿರದಿದ್ದರೆ ಹೇಳಿಬಿಡುತ್ತೇನೆ. ಬರೀ ಬಾಣಲೆಯಲ್ಲಿ ಹುರಿದರೆ ಕಾಳಿನ ಒಂದು ಮಗ್ಗುಲು ಸೀಯುತ್ತದೆ, ಇನ್ನೊಂದು ಹಸಿಯಾಗಿಯೇ ಉಳಿಯುತ್ತದೆ. ಕಾದ ಮರಳಿಗೆ ಹಾಕಿದರೆ ಸುತ್ತಲಿಂದಲೂ ಒಂದೇ ಹದದ ಬಿಸಿ. ಕಡ್ಲೆಕಾಯಿಗೆ, ಅವರೆಕಾಳಿಗೆ ಕೊಂಚ ದಪ್ಪ ಮರಳು, ರಾಗಿಗಾದರೆ ನುಣ್ಣನೆಯದು. ರಾಗಿಗೆ ಹಿಂದಿನ ದಿನವೇ ಮಜ್ಜಿಗೆ ನೀರು ಚಿಮುಕಿಸಿ ಇಟ್ಟು, ಕಾದ ಮರಳಿಗೆ ಒಂದು ಹಿಡಿ ಎರಚಿದರೆ ಮಲ್ಲಿಗೆ ಮೊಗ್ಗು ಬಿರಿದಂತೆ ಬಿಳಿಯಾಗಿ ಅರಳುತ್ತದೆ. ಜರಡಿಗೆ ಹಾಕಿ ಆಡಿಸಿದರೆ ಮರಳು ಕೆಳಗೆ, ಅರಳು ಮೇಲೆ. ಬೀಸಿದರೆ ಹುರಿಹಿಟ್ಟು. ಬೆಲ್ಲ, ತುಪ್ಪ ಸೇರಿಸಿ ಉಂಡೆ ಕಟ್ಟಿಟ್ಟರೆ ಮಕ್ಕಳು ಕದಿಯುವುದಕ್ಕೆ ಅನುಕೂಲ.

ಹೊಸ ಮರಳು ಮುಂಗೋಪಿ, ಬೇಗ ಕಾದು ಬೇಗ ಸೀಸುತ್ತದೆ. ಹುರಿದು ಹುರಿದು ಕಪ್ಪಾದ ಮರಳು ನಿಧಾನಸ್ಥ. "ಕರ್ರಗಾದಷ್ಟೂ ಮಾತು ಕೇಳ್ತದೆ ಕಣೆ" ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನನ್ನು ಮದುವೆ ಮಾಡಿ ಹುಣಸೂರಿಗೆ ಕಳಿಸುವಾಗ ಪಾತ್ರೆಪಡಗದ ಜೊತೆ ತನ್ನ ಮಡಕೆಯ ಹಳೆ ಮರಳನ್ನು ಈ ಡಬ್ಬಕ್ಕೆ ತುಂಬಿ ಕೊಟ್ಟಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಮರಳಿಗೆ ಇದನ್ನು ಬೆರೆಸಿಕೊಳ್ಳಬೇಕು. ನಮ್ಮತ್ತೆ ಮುಚ್ಚಳ ತೆಗೆದು ನೋಡಿ, ಮುಖ ಸಣ್ಣದು ಮಾಡಿಕೊಂಡು, "ಬೀಗರು ಮಣ್ಣೂ ಕೊಟ್ಟು ಕಳ್ಸವ್ರೆ" ಅಂದಿದ್ದರು. ಸಂಕ್ರಾಂತಿಗೆ ಅವರೆಕಾಳು ಹುರಿದುಕೊಟ್ಟ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಆ ಮರಳು ಬಂದದ್ದು ನಮ್ಮೂರ ಹೊಳೆ ತಿರುವಿನಿಂದ. ನನ್ನ ತವರು ಹನಗೋಡಿನ ಆಚೆ, ಲಕ್ಷ್ಮಣತೀರ್ಥದ ದಂಡೆಯಲ್ಲಿ. ಊರಿನ ಹತ್ತಿರ ಹೊಳೆ ಮೊಣಕೈ ಮಡಿಸಿದ ಹಾಗೆ ತಿರುಗುತ್ತದೆ. ಮಳೆಗಾಲದ ನೀರು ಇಳಿದ ಮೇಲೆ ಆ ಮಡಿಕೆಯ ಒಳಗೆ ಮರಳು ಹಾಸಿಕೊಳ್ಳುತ್ತದೆ. ಅಲ್ಲಿಗೆ ಇಳಿಯಲು ಇರುವುದೊಂದೇ ದಾರಿ, ನಮ್ಮ ಹೊಲದ ನಡುವಿನ ಗಾಡಿ ಜಾಡು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲಿ ಹಾದು, ಹೊಂಗೆ ಮರದ ಬುಡದಲ್ಲಿ ಇಳಿಯುತ್ತದೆ. ಊರ ದನ ನೀರಿಗೆ ಹೋಗುವುದು ಅದರಲ್ಲೇ, ಕಂಬಳಿ ಒಗೆಯಲು ಹೋಗುವುದು ಅದರಲ್ಲೇ, ಸತ್ತವರ ಬೂದಿ ಬಿಡಲು ಹೋಗುವುದೂ ಅದರಲ್ಲೇ. ಉಳುವಾಗ ನಮ್ಮಪ್ಪ ನೇಗಿಲನ್ನು ಆ ಜಾಡಿಗೆ ತಾಗಿಸುತ್ತಿರಲಿಲ್ಲ. "ಅದು ನಮ್ದಲ್ಲ, ಹೊಳೇದು" ಅನ್ನುತ್ತಿದ್ದ.

ಮರಳು ಆರಿಸಲು ಅಮ್ಮ ನನ್ನನ್ನು ಕರೆದೊಯ್ಯುತ್ತಿದ್ದಳು. ಒಂದು ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿ ನೋಡುವಳು. ಮಣ್ಣಿನ ರುಚಿ ಬಂದರೆ ಉಗಿದು ಮುಂದೆ ನಡೆಯುವಳು. ಬರೀ ತಣ್ಣಗೆ, ಹಲ್ಲಿಗೆ ಕರಕರ ಅಂದರೆ ಕುಕ್ಕೆ ಇಳಿಸುವಳು. ಪಕ್ಕದ ಗಿರಿಜನರ ಹಾಡಿಯ ಬಸವಿ, ನನ್ನದೇ ವಯಸ್ಸಿನವಳು, ಅಲ್ಲೇ ಕಲ್ಲು ಎತ್ತಿ ಎತ್ತಿ ಏಡಿ ಹಿಡಿಯುತ್ತಿದ್ದಳು. "ಏಡಿ ಇಲ್ದಿದ್ರೆ ಮರಳನ್ನಾರ ತಿನ್ನವಾ ಅಂತ ಬಂದ್ರಾ?" ಎಂದು ನಮ್ಮನ್ನು ನೋಡಿ ನಗುತ್ತಿದ್ದಳು. ಇಂದಿಗೂ ಅವಳ ಬಾಯಿ ಹಾಗೇ ಇದೆ.

ಮಧ್ಯೆ ಒಂದು ಮಾತು. ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಕರಾವಳಿಗೆ ಪ್ರವಾಸ ಹೋಗಿದ್ದೆವು. ಉಳಿದವರು ಸಮುದ್ರ ನೋಡಿದರೆ ನಾನು ಮರಳು ನೋಡಿದೆ. ಇಷ್ಟೊಂದು! ಯಾರೂ ಹುರಿಯದೆ ಸುಮ್ಮನೆ ಬಿದ್ದಿದೆಯಲ್ಲ ಎಂದು ಹೊಟ್ಟೆ ಉರಿದು ಚೀಲ ಬಿಚ್ಚಿದೆ. ಪಕ್ಕದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಮಾತಿಗೆ ಸಿಕ್ಕಳು. "ಆಚೆ ಬದಿ ರೆಸಾರ್ಟಿನವರ ಬೇಲಿ, ಈಚೆ ಬದಿ ಮರಳು ತೆಗೆಯುವವರ ಲಾರಿ. ಕಡಲಬದಿ ನಂದು ನಿಂದು ಅಂತ ಅವರವರಲ್ಲೇ ಜಗಳ. ನಮಗೆ ದೋಣಿ ಎಳೆದು ಹಾಕ್ಲಿಕ್ಕೆ ಜಾಗ ಇಲ್ಲ. ನಮ್ಮನ್ನು ಯಾರೂ ಕೇಳೂದಿಲ್ಲ ಅಮ್ಮಾ, ಎಂತ ಮಾಡೂದು?" ಅಂದಳು. "ಪಾಪ, ಹೌದಲ್ಲಾ" ಎಂದು ಹೂಂಗುಟ್ಟುತ್ತಾ ನಾನು ಅವಳ ಮರಳನ್ನೇ ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ. ಮನೆಗೆ ತಂದು ತೊಳೆದು ತೊಳೆದು ಒಲೆಗಿಟ್ಟರೆ ಅದರಲ್ಲಿದ್ದ ಚಿಪ್ಪಿನ ಚೂರುಗಳು ಪಟಾರ್ ಪಟಾರ್ ಎಂದು ಸಿಡಿದವು. ಯಜಮಾನರು ನಡುಮನೆಯಿಂದಲೇ "ಕುಕ್ಕರ್ರಾ?" ಅಂದರು. ಕಡ್ಲೆಕಾಯಿ ಉಪ್ಪುಪ್ಪಾಗಿ, ಚೆನ್ನಾಗಿಯೇ ಇತ್ತು ಅನ್ನಿ. ಆದರೆ ಆ ಹೆಂಗಸಿನ ಮಾತು ಮಾತ್ರ ನನ್ನೊಳಗೆ ಇಳಿದಿರಲಿಲ್ಲ. ಅದು ಕಡಲಿನವರ ಕಷ್ಟ. ನಮ್ಮದು ಹುಣಸೂರು, ಸಮುದ್ರವೆಲ್ಲಿ ನಾವೆಲ್ಲಿ ಅಂದುಕೊಂಡಿದ್ದೆ.

ಆ ಮಾತು ಇಳಿದದ್ದು ಹೋದ ವರ್ಷ, ಅಣ್ಣ ಫೋನ್ ಮಾಡಿದ ಮೇಲೆ.

"ಸುಶೀಲಾ, ಒಂದ್ಗಳಿಗೆ ಬಂದೋಗವ್ವ. ನಿನ್ ಸಹಿ ಬೇಕು."

ಅಪ್ಪನ ಆಸ್ತಿಯಲ್ಲಿ ಹೊಳೆದಂಡೆಯ ಆ ಹೊಲ ಒಂದು ಮಾತ್ರ ಭಾಗವಾಗದೆ ಅಣ್ಣನ ಹೆಸರಿಗೂ ನನ್ನ ಹೆಸರಿಗೂ ಸೇರಿ ಉಳಿದಿತ್ತು. ಅದನ್ನು ಯಾರಿಗಾದರೂ ಗುತ್ತಿಗೆಗೆ ಕೊಡಬೇಕಾದರೆ ಇಬ್ಬರೂ ಒಪ್ಪಬೇಕು. ಹೋದೆ. ಜಗುಲಿಯ ಮೇಲೆ ಇಬ್ಬರು ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದ ಹಾಗೆ, ಮದುವೆಮನೆಯಲ್ಲಿ ಮುನಿಸಿಕೊಂಡ ಷಡ್ಡಕರಂತೆ. ಒಬ್ಬರು ಹೊಳೆಯ ಮೇಲ್ಗಡೆ ಹೊಸದಾಗಿ ಎದ್ದ ರೆಸಾರ್ಟಿನ ಮ್ಯಾನೇಜರು. ಇನ್ನೊಬ್ಬ ಟ್ರ್ಯಾಕ್ಟರ್ ರೇವಣ್ಣ, ಮರಳು ಹೊಡೆಯುವವನು. ಇಬ್ಬರಿಗೂ ಬೇಕಾದದ್ದು ಒಂದೇ: ನಮ್ಮ ಜಾಡು, ಅದರ ತುದಿಯ ತಿರುವು.

"ಮೇಡಂ, ನಾವು ಒಂದು ಹಿಡಿ ಮರಳೂ ಮುಟ್ಟಲ್ಲ" ಅಂದರು ಮ್ಯಾನೇಜರು, ಬಹಳ ಮರ್ಯಾದೆಯಿಂದ. "ಗೆಸ್ಟ್‌ಗಳು ಬಂದು ಕೂರ್ತಾರೆ, ಸೂರ್ಯಾಸ್ತ ನೋಡ್ತಾರೆ, ಹೋಗ್ತಾರೆ. ಈ ಟ್ರ್ಯಾಕ್ಟರ್‌ಗಳಿಂದ ಹೊಳೆ ಹಾಳಾಗೋದು ತಪ್ಪುತ್ತೆ."

"ಅಕ್ಕಾ, ಇವ್ರು ಹೊಳೆಗೇ ಬೀಗ ಹಾಕ್ತಾರೆ, ನೋಡ್ತಿರಿ" ಅಂದ ರೇವಣ್ಣ. "ನಂದೇನು, ಎಲ್ಡು ಬ್ಯಾಸ್ಗೆ ತಗೀತೀನಿ ಅಷ್ಟೆಯ. ಮಳೆ ಬಂದ್ರೆ ಮತ್ತೆ ತುಂಬ್ಕತದೆ. ಜನ ಮನೆ ಕಟ್ಟದ್ ಬ್ಯಾಡ್ವಾ?"

ಹುಣಸೂರಿನ ನನ್ನ ಮನೆಯ ಗೋಡೆಯೊಳಗಿರುವುದೂ ಇದೇ ಹೊಳೆಯ ಮರಳು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ "ನಮ್ಮೂರ ಮರಳು" ಎಂದು ಗೋಡೆ ತಟ್ಟಿ ತಟ್ಟಿ ತೋರಿಸಿದ್ದವಳು ನಾನೇ.

ಅಷ್ಟರಲ್ಲಿ ಅಣ್ಣನ ಹೆಂಡತಿ ಗೌರತ್ತಿಗೆ ಹುರಿದ ಅವರೆಕಾಳು ತಂದಿಟ್ಟಳು. ಮ್ಯಾನೇಜರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡವರೇ ಕಣ್ಣರಳಿಸಿದರು. "ಆಂಟಿ, ಇದನ್ನ ನೀವು ನಮ್ಮಲ್ಲೇ ಬಂದು ಹುರೀರಿ. ಮರಳ ಮೇಲೇ ಒಲೆ ಹಾಕಿಕೊಡ್ತೀವಿ. 'ಹಳ್ಳಿ ಅನುಭವ' ಅಂತ ಇಡೋಣ. ಗೆಸ್ಟ್‌ಗಳು ಸುತ್ತ ನಿಂತು ನೋಡ್ತಾರೆ."

"ನಾನ್ ಹುರಿಯೋದ್ ನೋಡಕ್ಕೆ ಬೆಂಗ್ಳೂರಿಂದ ಬತ್ತಾರಾ?" ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮನೆಯವ್ರು ಜಗ್ಲಿಯಿಂದ್ಲೇ ಎದ್ ಬರಕ್ಕಿಲ್ಲ."

ರೇವಣ್ಣ ಹಿಂದೆ ಬೀಳುವವನಲ್ಲ. "ಅತ್ಗೆವ್ರೆ, ನಿಮ್ಗೆ ಹುರಿಯಕ್ಕೆ ಮರಳ್ ತಾನೆ ಬೇಕಾಗಿರೋದು? ಬಾಗ್ಲಿಗೇ ಒಂದು ಲೋಡು ಸುರೀತೀನಿ. ಮೊಮ್ಮಕ್ಕಳ ಕಾಲಕ್ಕೂ ಆಯ್ತದೆ."

"ಶಿವರಾತ್ರಿ ಕಳೀಲಿ, ಹೇಳ್ತೀನಿ" ಎಂದು ನಾನು ಎದ್ದೆ. ಅಣ್ಣ ಬಸ್ಸಿನ ತನಕ ಬಂದ. "ಯಾರಾದ್ರೂ ಒಬ್ರಿಗೆ ಕೊಡಲೇಬೇಕು ಕಣವ್ವ. ಇಲ್ದಿದ್ರೆ ಇಬ್ರೂ ಬುಡಕ್ಕಿಲ್ಲ. ನಂಗೂ ಸಾಕಾಗೈತೆ" ಅಂದ. ಅವನು ದುರಾಸೆಯವನಲ್ಲ. ದಿನಾ ಬೆಳಗಾದರೆ ಜಗುಲಿಗೆ ಬಂದು ಕೂರುವವರನ್ನು ಸಾಗಹಾಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ, ಅಷ್ಟೆ.

ಶಿವರಾತ್ರಿಗೆ ಮುಂಚೆ ಅತ್ತಿಗೆಯ ಫೋನು. "ರೇವಣ್ಣ ಮರಳ್ ಸುರಿದೋದ ಕಣೆ! ನಮ್ಮತ್ತೆ ಮಡಕೇಲಿತ್ತಲ್ಲ, ಅಂಗೇ ಕರ್ರಗದೆ!" ನನಗೆ ತಡೆಯಲಾಗಲಿಲ್ಲ. ಮೊದಲ ಬಸ್ಸಿಗೆ ಹೋದೆ. ಅಂಗಳದಲ್ಲಿ ರಾಶಿ ಬಿದ್ದಿತ್ತು. ಸುತ್ತ ಬೀದಿಯ ಹೆಂಗಸರು ಜರಡಿ, ಬಕೆಟ್ಟು ಹಿಡಿದು ನನ್ನ ಅಪ್ಪಣೆಗೆ ಕಾದಿದ್ದರು. ಅಮ್ಮನ ಡಬ್ಬದ ಒಡತಿಯಲ್ಲವೇ! ಒಂದು ಹಿಡಿ ಎತ್ತಿ ಬೆರಳ ಸಂದಿಯಲ್ಲಿ ಸುರಿಸಿದೆ. ಬಣ್ಣವೇನೋ ಡಬ್ಬದ್ದೇ. ನಾಲಿಗೆಗೆ ಹಚ್ಚಿ ನೋಡಬೇಕಿತ್ತು. ಅಷ್ಟು ಜನರ ಮುಂದೆ ಮರಳು ನೆಕ್ಕುವುದಕ್ಕೆ, ಹುಣಸೂರಿನಲ್ಲಿ ಮನೆ ಕಟ್ಟಿಸಿದವಳಿಗೆ ನಾಚಿಕೆಯಾಯಿತು. "ಚೆನ್ನಾಗಿ ಪಳಗಿದ ಮರಳು, ಹುರೀರಿ" ಎಂದುಬಿಟ್ಟೆ.

ಬೀದಿಗೆ ಬೀದಿಯೇ ಹುರಿಯಿತು. ತೊಳೆದಷ್ಟೂ ನೀರು ಬೂದುಬೂದಾಗಿ ಬರುತ್ತಲೇ ಇತ್ತು. "ಹಳೇದಲ್ವಾ, ಮಸಿ ಬಿಡ್ತಿದೆ" ಎಂದು ಅದಕ್ಕೂ ನಾನೇ ಸಮಾಧಾನ ಹೇಳಿದೆ. ರಾಗಿಯೇನೋ ಅರಳಿತು. ಜರಡಿ ಎಷ್ಟು ಆಡಿಸಿದರೂ ಪುಡಿ ಅರಳಿಗೆ ಮೆತ್ತಿಕೊಂಡು ಬಿಡಲೊಲ್ಲದು. ಹಾಗೇ ಬೀಸಿ ಉಂಡೆ ಕಟ್ಟಿದೆವು. ಶಿವರಾತ್ರಿಯ ಮಾರನೆ ಬೆಳಿಗ್ಗೆ ಉಪವಾಸ ಬಿಡುವವರೆಲ್ಲ ಸ್ನಾನ ಮಾಡಿ, ವಿಭೂತಿ ಇಟ್ಟು, ಭಕ್ತಿಯಿಂದ ಉಂಡೆ ಬಾಯಿಗಿಟ್ಟರು. ಆಮೇಲೆ ಕೇಳಬೇಕಿತ್ತು ನೀವು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕರಕರ, ಕರಕರ. ಪಕ್ಕದ ಮನೆಯ ಅಜ್ಜನ ಹಲ್ಲುಸೆಟ್ಟು ಉಂಡೆಯಲ್ಲೇ ಉಳಿಯಿತು. ಹಾಡಿಯಿಂದ ಬಂದಿದ್ದ ಬಸವಿ ಬಾಯಿ ಮುಕ್ಕಳಿಸಿ, "ಏನ್ ಸುಸೀಲಿ, ರಾಗಿ ಜೊತೆ ಬೀಸೋ ಕಲ್ಲೂ ಅರ್ದು ಹಾಕ್ಬುಟ್ಯಾ?" ಅಂದಳು.

ಅಣ್ಣ ಎದ್ದುಹೋಗಿ ರಾಶಿಯಿಂದ ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದ. "ಥೂ, ಇದು ಎಂ ಸ್ಯಾಂಡ್ ಕಣ್ರಮ್ಮಿ! ಕ್ವಾರೆ ಕಲ್ಲಿನ ಪುಡಿ! ಹೋದ್ವರ್ಸ ಬಚ್ಚಲ್ಮನೆ ಗಿಲಾವಿಗೆ ಇದ್ನೇ ಅಲ್ವಾ ತಂದಿದ್ದು?"

ಪಳಗಿದ ಮರಳು ಅಂದವಳು ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂಗಳದ ತುಳಸಿ ಕಡೆ ತಿರುಗಿದೆ.

ಸಾಯಂಕಾಲ ರೇವಣ್ಣನನ್ನು ಕರೆಸಿದೆವು. ಅವನು ಸುಳ್ಳು ಹೇಳಲಿಲ್ಲ. "ಅಕ್ಕಾ, ಹೊಳೆ ಮರಳು ಎಲ್ಲಿಂದ ತರ್ಲಿ ಹೇಳಿ? ಕೆಳಗಡೆ ಎಲ್ಲಾ ತಗ್ದಾಯ್ತು, ಬಂಡೆ ಕಾಣ್ತದೆ. ಅದ್ಕೇ ಅಲ್ವಾ ನಾನು ನಿಮ್ ತಿರುವಿಗೆ ಬಂದಿರೋದು?"

"ಮಳೆ ಬಂದ್ರೆ ಮತ್ತೆ ತುಂಬ್ಕತದೆ ಅಂದ್ಯಲ್ಲಪ್ಪ. ಅಲ್ಲಿ ಯಾಕೆ ತುಂಬ್ಕೊಳ್ಲಿಲ್ಲ?"

ಅವನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಧೂಳು ಒರೆಸುತ್ತಾ ನಿಂತ.

ಸರಿ, ಹಾಗಾದರೆ ರೆಸಾರ್ಟಿನವರೇ ವಾಸಿ ಎಂದು ನನ್ನ ಮನಸ್ಸು ವಾಲಿತು. ಮುಟ್ಟಲ್ಲ ಅಂತಾರೆ, ಕೂತು ನೋಡ್ತಾರಷ್ಟೆ. ಮಾರನೆ ದಿನ ನಿಜವಾದ ಮರಳು ತಂದು ಮಾನ ಉಳಿಸಿಕೊಳ್ಳೋಣವೆಂದು ಕುಕ್ಕೆ ಹಿಡಿದು ಅತ್ತಿಗೆ, ಬಸವಿ, ನಾನು ಹೊಳೆಗೆ ಹೊರಟೆವು. ಹೊಂಗೆ ಮರದ ಹತ್ತಿರ ಜಾಡಿಗೆ ಅಡ್ಡಲಾಗಿ ನೀಲಿ ಹಗ್ಗ. 'ಅತಿಥಿಗಳಿಗೆ ಮಾತ್ರ' ಎಂಬ ಚಂದದ ಬೋರ್ಡು. ಆಚೆ ಮರಳ ಮೇಲೆ ಬಣ್ಣದ ಛತ್ರಿ, ಕುರ್ಚಿ. ಸಹಿ ಬೀಳುವುದಕ್ಕೂ ಅವರು ಕಾದಿರಲಿಲ್ಲ.

ಕಾವಲಿನವನು ನಮ್ಮೂರಿನವನೇ. ನನ್ನ ಮುಖ ನೋಡಲಾರದೆ ಟೋಪಿ ಸರಿಮಾಡಿಕೊಂಡ. "ಅಕ್ಕಾ, ಗೆಸ್ಟ್‌ಗಳು ಅವ್ರೆ. ನಾಕ್ ಗಂಟೆ ಮೇಲೆ ಬಂದ್ಬುಡಿ."

"ಹೊಳೆಗೂ ಆಪೀಸ್ ಟೇಮಾ?" ಅಂದಳು ಬಸವಿ. "ಏಡಿಗೆ ಹೇಳಿದ್ದೀಯೇನ್ಲಾ?"

ಅವನು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಮೀನು ಒಣಹಾಕುತ್ತಿದ್ದ ಆ ಹೆಂಗಸಿನ ಮುಖ ಆಗ, ಆ ಹಗ್ಗದ ಎದುರಿಗೆ, ನನಗೆ ನೆನಪಾಯಿತು. ಒಬ್ಬ ಹೊಳೆ ಬರಿದು ಮಾಡಿ ಮರಳು ಕೊಡುತ್ತೇನೆ ಅಂದ. ಇನ್ನೊಬ್ಬರು ಹೊಳೆ, ಮರಳು ಎರಡನ್ನೂ ಉಳಿಸಿ ನಮ್ಮನ್ನು ಹೊರಗಿಡುತ್ತೇವೆ ಅಂದರು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ: "ಇಬ್ಬರಿಗೂ ಇಲ್ಲ. ಸಹಿ ಹಾಕಲ್ಲ."

ಅಣ್ಣ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. "ನಿಂಗೇನವ್ವ, ಹುಣಸೂರಲ್ಲಿ ಕೂತಿರ್ತೀಯ. ದಿನಾ ಇವ್ರ ಮಕ ನೋಡ್ಕಂಡು ಬದುಕೋನು ನಾನು. ಸಹಿ ಹಾಕದೆ ಇದ್ರೆ ತವ್ರ ದಾರಿ ಮರ್ತ್ಬುಡು."

ಎದೆಗೆ ನಾಟಿತು. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತಿರುವುದು ಇವನೊಬ್ಬನೇ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬಸ್ಸಿಳಿಯುವವನು ಇವನೇ.

"ಮರೆಯಲ್ಲ ಅಣ್ಣ. ಇನ್ನು ವಾರ ವಾರ ಬತ್ತೀನಿ" ಅಂದೆ.

ಮುಂದಿನ ಭಾನುವಾರ ಹೋದೆ. ಅಣ್ಣ ಮಾತಾಡಲಿಲ್ಲ. ಬ್ಯಾರನ್ನಿನ ಹಿಂದೆ ಅಪ್ಪನ ಕಾಲದ ಬೇಲಿಯ ಕಲ್ಲುಕಂಬಗಳು ಬಿದ್ದಿದ್ದವು. ಅವನ್ನು ಜಾಡಿನ ಬಾಯಿಗೆ ನೆಡುವುದೆಂದು ಮಾಡಿದೆವು. ನಡುವೆ ಎಷ್ಟು ಜಾಗ ಬಿಡಬೇಕು? ಅಳತೆಗೆ ಟೇಪು ತರಲಿಲ್ಲ. ಅತ್ತಿಗೆಯೂ ಬಸವಿಯೂ ಸೊಂಟದ ಮೇಲೆ ಕುಕ್ಕೆ ಇಟ್ಟುಕೊಂಡು ಒಬ್ಬರ ಪಕ್ಕ ಒಬ್ಬರು ನಿಂತರು. "ಉಸ್ರು ಬುಡ್ರಿ, ಒಟ್ಟೆ ಒಳಕ್ಕೆ ಎಳ್ಕಂಡು ಮೋಸ ಮಾಡ್ಬ್ಯಾಡ್ರಿ" ಎಂದು ಬಸವಿ ಅತ್ತಿಗೆಯನ್ನು ಗದರಿಸಿದಳು. ಅವರ ಎರಡು ಮಗ್ಗುಲಿಗೆ ಎರಡು ಕಂಬ. ಹಸು ಒಂದರ ಹಿಂದೆ ಒಂದು ಹೋಗಬಹುದು, ಚಟ್ಟ ಹೊತ್ತವರು ಹೋಗಬಹುದು, ಟ್ರ್ಯಾಕ್ಟರು ಹೋಗಲಾರದು. ಗುಂಡಿ ತೋಡಲು ಬೀದಿಯ ಹೆಂಗಸರೆಲ್ಲ ಬಂದರು. ಕಂಬದ ಬುಡ ಗಟ್ಟಿ ಮಾಡಲು ರೇವಣ್ಣನ ಎಂ ಸ್ಯಾಂಡನ್ನೇ ಸಿಮೆಂಟಿಗೆ ಕಲೆಸಿದೆವು. ಅದಕ್ಕೆ ಅದು ಬಹಳ ಒಳ್ಳೆಯ ಮರಳು, ಸುಳ್ಳು ಹೇಳಬಾರದು.

ಆಮೇಲೆ ಸಾಲಾಗಿ ಹೊಳೆಗಿಳಿದೆವು. ಹಗ್ಗವನ್ನು ಬಸವಿ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಕಾವಲಿನವನ ಕೈಗೆ ಕೊಟ್ಟಳು. "ತಕ್ಕೋಲಾ, ದನ ಕಟ್ಟಕ್ಕಾಯ್ತದೆ." ಛತ್ರಿಯ ಕೆಳಗಿದ್ದ ಅತಿಥಿಗಳು ಎದ್ದು ಕೂತರು. ಕೂರಲಿ, ಸೂರ್ಯಾಸ್ತ ಎಲ್ಲರದು. ನಾವು ಬೇಡ ಅನ್ನಲಿಲ್ಲ. ಅವರ ಕುರ್ಚಿಯ ಪಕ್ಕದಲ್ಲೇ ಕುಕ್ಕೆ ಇಳಿಸಿ, ಎಲ್ಲರೆದುರು, ಒಂದು ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿದೆ. ತಣ್ಣಗಿತ್ತು. ಹಲ್ಲಿಗೆ ಕರಕರ ಅಂದಿತು. ಮಣ್ಣಿನ ರುಚಿ ಇರಲಿಲ್ಲ. ಅತಿಥಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಗೌರತ್ತಿಗೆ ಅವಳಿಗೂ ಒಂದು ಚಿಟಿಕೆ ಕೊಟ್ಟಳು.

ಹಿಂದಿರುಗುವಾಗ ಜಾಡಿನ ಬಾಯಲ್ಲಿ ಟ್ರ್ಯಾಕ್ಟರು ನಿಂತಿತ್ತು. ರೇವಣ್ಣ ಹಾರನ್ನು ಒತ್ತುತ್ತಲೇ ಇದ್ದ. "ಅಕ್ಕಾ, ಇದೇನಿದು? ಅಣ್ಣೋರು ಆಯ್ತು ಅಂದಿದ್ರಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಬ್ಯಾರನ್ನಿನ ಕಡೆಯಿಂದ ಅಣ್ಣನ ದನಿ ಬಂತು. ಅಷ್ಟು ಹೊತ್ತೂ ಅಲ್ಲೇ ನೆರಳಲ್ಲಿ ಕೂತು ನೋಡುತ್ತಿದ್ದನೋ ಏನೋ. "ಯಾಕ್ಲಾ ಅಂಗೆ ಬಡ್ಕತೀಯ? ಕಲ್ಲು ಕಾಣಾಕಿಲ್ವಾ? ನಮ್ಮಪ್ಪ ತರ್ಸಿದ್ ಕಂಬ ಅವು. ಒಂಚೂರು ತಾಗ್ಸಿದ್ರೆ ನೋಡು! ಹಿಂದಕ್ ತಗೊ!"

ರೇವಣ್ಣ ಹಿಂದಕ್ಕೆ ತೆಗೆದುಕೊಂಡ. ಅಣ್ಣ ಅತ್ತಿಗೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ನಾನೇನು ಇವ್ಳ ಜೊತೆ ಮಾತಾಡ್ತಿಲ್ಲ. ಅವ್ನಿಗೆ ಹೇಳಿದ್ದು."

ಅದು ಮುಗಿದ ಕತೆಯಲ್ಲ. ಹಗ್ಗ ಆಗಾಗ ಮತ್ತೆ ಕಟ್ಟುತ್ತಾರೆ, ಬಸವಿ ಮತ್ತೆ ಬಿಚ್ಚುತ್ತಾಳೆ. ಹಾಡಿಯಲ್ಲೀಗ ನೀಲಿ ಹಗ್ಗವಿಲ್ಲದ ಕರುವೇ ಇಲ್ಲ. ರೇವಣ್ಣ ಹಬ್ಬಕ್ಕೊಮ್ಮೆ ಹಣ್ಣು ಹಿಡಿದು ನನ್ನ ಹುಣಸೂರಿನ ಮನೆಗೆ ಬರುತ್ತಾನೆ. ಕಾಫಿ ಕೊಡುತ್ತೇನೆ, ಸಹಿ ಕೊಡುವುದಿಲ್ಲ. ನಾನು ಭಾನುವಾರದ ಬಸ್ಸು ತಪ್ಪಿಸಿಲ್ಲ. ಜಾಡಿನಲ್ಲಿ ಹುಲ್ಲು ಬೆಳೆಯದ ಹಾಗೆ ನಡೆಯುವುದು, ಸದ್ಯಕ್ಕೆ ನನ್ನ ಕೆಲಸ ಅಷ್ಟೆ. ಅಣ್ಣ ಈಗಲೂ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತಂದವನು ಯಜಮಾನರೊಂದಿಗೆ ಮಾತಾಡಿ ಹೋದ. ಬಾಗಿನದ ಮೊರದಲ್ಲಿ ಅಕ್ಕಿ, ಬೇಳೆ, ಬಳೆಯ ಪಕ್ಕ ಒಂದು ಸಣ್ಣ ಗಂಟಿತ್ತು. ಬಿಚ್ಚಿದರೆ ಮರಳು, ತೊಳೆದು ಒಣಗಿಸಿದ್ದು. ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. "ನಾನ್ ಕಟ್ಟಿದ್ದಲ್ಲ ಕಣೆ" ಅಂದಳು.

ಅದನ್ನೂ ಈ ಡಬ್ಬಕ್ಕೇ ಬೆರೆಸಿದ್ದೆ. ಅದಕ್ಕೇ ಅಷ್ಟು ಭಾರ. ಯಜಮಾನರು ಡಬ್ಬವನ್ನು ಮತ್ತೆ ಅಟ್ಟಕ್ಕೆ ಏರಿಸಲು ಹೋದರು. ಬೇಡ ಅಂದೆ, ಒಲೆಯ ಪಕ್ಕದಲ್ಲೇ ಇರಲಿ. ನಾಳೆ ಭಾನುವಾರ, ಅಣ್ಣನಿಗೆ ಕಡ್ಲೆಕಾಯಿ ಹುರಿದುಕೊಂಡು ಹೋಗಬೇಕು.